ನೀಲಿ ಸಂಚಿಯ ಹುಳ ಮತ್ತು ಕಟಿಂಗ್ ಮಾಸ್ಟರು

ಮಾಸ್ಟರು ತೀರಿಕೊಂಡ ಹದಿನಾರನೆಯ ದಿನ ಅವರ ಹೆಂಡತಿ ನನಗೆ ಫೋನು ಮಾಡಿದರು. ನಾವಿಬ್ಬರೂ ಅಲ್ಲಿಯವರೆಗೆ ಭೇಟಿಯಾಗಿದ್ದು ಒಂದೇ ಸಲ, ಆಸ್ಪತ್ರೆಯ ವರಾಂಡದಲ್ಲಿ. ನನ್ನ ನಂಬರು ಗಂಡನ ಫೋನಿನಲ್ಲಿ ‘ಹುಳದ ಮೇಡಂ’ ಎಂದು ಇತ್ತಂತೆ.

“ಮೇಡಂರೀ, ಒಂದು ಮಾತು ಕೇಳ್ಬೇಕಿತ್ತು,” ಎಂದರು. “ಇವರಿಗೆ ಕೆಮ್ಮು ಯಾವಾಗಿಂದ ಇತ್ತು? ನಿಮಗೇನರ ಗೊತ್ತೈತೇನ್ರಿ?”

ಕಳೆದ ಸುಗ್ಗಿಯಲ್ಲಿ ಆಕೆ ಹಟ ಹಿಡಿದು ಗಂಡನನ್ನು ಬಳ್ಳಾರಿಯಿಂದ ರಾರಾವಿಗೆ ಕರೆಸಿಕೊಂಡಿದ್ದರು. ಭತ್ತ ಕೊಯ್ಯುವ ಮಷೀನು ಹೊಲಕ್ಕೆ ಬರುವುದಿತ್ತು, ನಿಂತು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಮಾಸ್ಟರು ಹತ್ತು ದಿನ ಆ ಮಷೀನಿನ ಹಿಂದೆ ಧೂಳಿನಲ್ಲಿ ನಿಂತರು. ಮನೆಯವರು ಅವರ ಕೆಮ್ಮನ್ನು ಮೊದಲ ಸಲ ಕೇಳಿದ್ದು ಆ ಹತ್ತು ದಿನಗಳಲ್ಲಿ. ಆಮೇಲೆ ಅದು ನಿಲ್ಲಲಿಲ್ಲ. ಹೀಗಾಗಿ ಈಗ ಅತ್ತೆಯ ಬಾಯಲ್ಲಿ ಒಂದೇ ಮಾತು: ನೀನು ಕರೆಸಿದೆ, ಭತ್ತದ ಧೂಳು ಕುಡಿಸಿದೆ, ನನ್ನ ಮಗನನ್ನು ತಿಂದೆ.

“ಸುಗ್ಗಿಗಿಂತ ಮೊದ್ಲ ಇತ್ತೋ, ಆಮ್ಯಾಲೆ ಬಂತೋ, ಅಷ್ಟ ಹೇಳ್ರಿ ಸಾಕು. ಅತ್ತಿ ಅಂದದ್ದ ಖರೇ ಇದ್ರ ಇರ್ಲಿ, ಹೊತ್ಕೊಂತೀನಿ. ಆದ್ರ ನನಗ ಗೊತ್ತಾಗ್ಬೇಕು.”

“ನೋಡಿ ಹೇಳ್ತೀನ್ರಿ,” ಎಂದೆ. ಏನನ್ನು ನೋಡಿ ಎಂದು ಆಕೆ ಕೇಳಲಿಲ್ಲ.

ನೋಡಬೇಕಾದದ್ದು ಎಲ್ಲಿದೆ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಅಲ್ಮಾರಿಯ ಮೇಲಿನ ಹಲಗೆಯಲ್ಲಿ, ನನ್ನ ಸಂಶೋಧನೆಯ ನಾಲ್ಕು ಹಸಿರು ನೋಟುಬುಕ್ಕುಗಳಲ್ಲಿ. ಒಂಬತ್ತು ದಿನ ನಾನು ಅವುಗಳನ್ನು ಮುಟ್ಟಲಿಲ್ಲ. ಆ ಒಂಬತ್ತು ದಿನ ಸಂಜೆ ಕಾಲೇಜಿನಿಂದ ಬಂದು, ಮಾಸ್ಟರ ಬಗ್ಗೆ ನನಗೆ ನೆನಪಿರುವುದನ್ನು ದಿನಚರಿಯಲ್ಲಿ ಬರೆಯುತ್ತಾ ಕೂತೆ. ನೆನಪನ್ನು ನಂಬುವವಳಲ್ಲ ನಾನು. ಆದರೂ ಮೊದಲು ನೆನಪು ಏನು ಹೇಳುತ್ತದೆಯೋ ಹೇಳಲಿ, ಆಮೇಲೆ ಬರಹವನ್ನು ತೆಗೆಯೋಣ ಎಂದುಕೊಂಡೆ. ಇದು ಹೇಡಿತನಕ್ಕೆ ನಾನು ಕೊಟ್ಟುಕೊಂಡ ಕಾರಣವೂ ಆಗಿರಬಹುದು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಕೆಲಸದ ಜಾಗದಲ್ಲಿ ಅವರು ‘ಮಾಸ್ಟರ್’ ಮಾತ್ರ ಆಗಿದ್ದರು. ನನಗೂ ಹಾಗೇ. ಅವರ ಪೂರ್ತಿ ಹೆಸರನ್ನು ನಾನು ಮೊದಲು ಓದಿದ್ದು ಆಸ್ಪತ್ರೆಯ ಮಂಚಕ್ಕೆ ಕಟ್ಟಿದ್ದ ರಟ್ಟಿನಲ್ಲಿ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೆ ಒಂದು ಜೀನ್ಸ್ ಯೂನಿಟ್ಟು ಇತ್ತು. ಹನ್ನೆರಡು ಹೊಲಿಗೆ ಮಷೀನು, ಒಂದು ಗುಂಡಿ ಹಚ್ಚುವ ಮಷೀನು, ನಡುವೆ ಉದ್ದನೆಯ ಕಟಿಂಗ್ ಟೇಬಲ್ಲು. ಮಾಸ್ಟರು ಆ ಟೇಬಲ್ಲಿನ ಒಡೆಯ. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಒಂದು ಕಣ್ಣು ಮುಚ್ಚಿ, ಕರೆಂಟಿನ ಕಟರನ್ನು ಮೆಲ್ಲಗೆ ನೂಕುತ್ತಿದ್ದರು. ಅಷ್ಟೂ ಪದರಗಳಿಂದ ನೀಲಿ ಧೂಳು ಏಳುತ್ತಿತ್ತು. ಅದು ಟ್ಯೂಬ್‌ಲೈಟಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಮೂಲೆಯ ಜೇಡರ ಬಲೆಯ ಮೇಲೆ ಕೂರುತ್ತಿತ್ತು. ಕಿಟಕಿಯಿಂದ ಹೊರಟು ಮಹಡಿಗೆ ಏರಿ ನಾನು ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತಿತ್ತು.

ನಾನು ಕೆಳಗಿಳಿದು ಹೋದದ್ದು ಜಗಳಕ್ಕೆ. ನನ್ನ ಬಿಳಿ ದುಪ್ಪಟ್ಟಾ ಹಿಡಿದುಕೊಂಡೇ ಹೋಗಿದ್ದೆ.

“ಜಗಳಾಡಾಕ ಬಂದೀರೇನ್ರಿ?” ಎಂದರು ಮಾಸ್ಟರು, ಕಟರ್ ಆರಿಸಿ. “ಚಾ ಕುಡ್ದು ಆಡ್ರಿ. ಇಲ್ಲಿ ಗಂಟ್ಲು ಭಾಳ ಒಣಗತತಿ.”

ಗುಂಡಿ ಮಷೀನಿನ ಮುದುಕರು ನಕ್ಕರು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನನ್ನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಉಳಿದರ್ಧ ಇಳಿದದ್ದು ಚಹಾ ಬರುವುದರೊಳಗೆ, ಗೋಡೆಯನ್ನು ನೋಡಿದಾಗ.

ನಮ್ಮ ಕಡೆಯ ಎಲ್ಲ ಮನೆಯ ಗೋಡೆಯಲ್ಲೂ ಈ ಹುಳ ಇದೆ. ಬಚ್ಚಲಿನ ಹತ್ತಿರ, ನೀರಿನ ಹರವಿಯ ಹಿಂದೆ, ಕಪಾಟಿನ ಸಂದಿಯಲ್ಲಿ, ಸೌತೆಬೀಜದಂಥ ಚಪ್ಪಟೆಯ ಒಂದು ಬೂದು ತುಣುಕು ಅಂಟಿಕೊಂಡಿರುತ್ತದೆ. ಕಸ ಎಂದುಕೊಂಡು ನೋಡುತ್ತಿದ್ದರೆ ಅದರ ಒಂದು ತುದಿಯಿಂದ ಕಂದು ತಲೆ ಹೊರಬರುತ್ತದೆ, ಪುಟ್ಟ ಕಾಲುಗಳಿಂದ ಗೋಡೆಯನ್ನು ಹಿಡಿದು ಮನೆಯನ್ನು ಎಳೆದುಕೊಂಡು ಹೊರಡುತ್ತದೆ. ಒಂದು ಚಿಕ್ಕ ಪತಂಗದ ಮರಿ ಅದು. ಮೊಟ್ಟೆಯಿಂದ ಹೊರಬಂದ ಕೂಡಲೇ ತನ್ನ ಬಾಯಿಯ ರೇಷ್ಮೆಯಿಂದ ಮರಳು, ಧೂಳು, ಎಳೆಗಳನ್ನು ಅಂಟಿಸಿ ಮನೆ ಕಟ್ಟಿಕೊಳ್ಳುತ್ತದೆ. ಹಳೆಯ ಜೇಡರ ಬಲೆ, ಕೂದಲು, ಉಣ್ಣೆ, ಸತ್ತ ಹುಳು ಅದರ ಊಟ. ಕುರುಗೋಡಿನ ನಮ್ಮ ಮನೆಯಲ್ಲಿ ಅವ್ವ ‘ಗ್ವಾಡಿಹುಳ’ ಎಂದು ಕಸಬರಿಗೆಯಿಂದ ಹೊಡೆದು ಹಾಕುತ್ತಿದ್ದಳು. ಅವಳ ಮಗಳು ಅದರ ಮೇಲೆಯೇ ಪಿಎಚ್‌.ಡಿ. ಮಾಡುತ್ತಿದ್ದಾಳೆ ಎನ್ನುವುದನ್ನು ನೆಂಟರ ಮುಂದೆ ಹೇಳಲು ನಾಚುತ್ತಿದ್ದಳು.

ನಾನು ಅಲ್ಲಿಯವರೆಗೆ ನೋಡಿದ್ದ ಗೂಡುಗಳೆಲ್ಲ ಬೂದು, ಕಂದು, ಮಣ್ಣುಬಣ್ಣ. ಮಾಸ್ಟರ ಟೇಬಲ್ಲಿನ ಎಡಗೋಡೆಯ ಮೇಲಿದ್ದ ಒಂದು ನೂರು ಗೂಡು ನೀಲಿ.

“ನಮ್ಮ ಸಂಚಿಹುಳ,” ಎಂದರು. ಎಲೆಅಡಿಕೆ ಇಟ್ಟುಕೊಳ್ಳುವ ಸಂಚಿಯ ಹಾಗಿದೆಯೆಂದು ಅವರೇ ಇಟ್ಟ ಹೆಸರು. “ಎಲ್ಲಾರೂ ಜೀನ್ಸ್ ತಿಂತತಿ, ಹೊಡೀರಿ ಅಂತಾರ. ತಿನ್ನಂಗಿಲ್ರಿ ಇದು. ಉಟ್ಕೊಂತತಿ.”

ನಾನು ಮೂರು ವರ್ಷದಿಂದ ಓದುತ್ತಿದ್ದ ಯಾವ ಪುಸ್ತಕದಲ್ಲೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಹತ್ತಿಯನ್ನು ಅದು ತಿನ್ನುವುದಿಲ್ಲ. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಅವರು ಟೇಬಲ್ಲಿನ ಕೆಳಗಿನಿಂದ ಸೀಮೆಸುಣ್ಣದ ಎರಡು ಖಾಲಿ ಡಬ್ಬಿ ತೆಗೆದರು. ಒಂದರಲ್ಲಿ ಬರೀ ಜೀನ್ಸಿನ ಧೂಳು ಹಾಕಿ ಹುಳ ಬಿಟ್ಟಿದ್ದರು, ಇನ್ನೊಂದರಲ್ಲಿ ಧೂಳಿನ ಜೊತೆ ಜೇಡರ ಬಲೆ. ಮೊದಲನೆಯದು ಸತ್ತಿತ್ತು. “ಪಾಪ, ಅರಿವಿ ಅಂಗಡ್ಯಾಗ ಕುಂತು ಉಪಾಸ ಸತ್ತಂಗ ಆತು,” ಎಂದರು. ಅದನ್ನು ಕೊಂದದ್ದಕ್ಕೆ ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಈ ಮಾತು ನನಗೆ ಇಷ್ಟು ಸ್ಪಷ್ಟ ನೆನಪಿದೆ. ಆದರೆ ಆ ದಿನದ ನನ್ನ ದಿನಚರಿ ತೆಗೆದು ನೋಡಿದರೆ ಹೀಗಿದೆ: ‘ಕೆಳಗಿನ ಯೂನಿಟ್ಟಿಗೆ ಹೋದೆ. ಹುಳ ಹತ್ತಿ ತಿನ್ನುವುದಿಲ್ಲ ಎಂದು ಕಟಿಂಗ್ ಮಾಸ್ಟರಿಗೆ ತಿಳಿಸಿದೆ.’ ಯಾರು ಯಾರಿಗೆ ತಿಳಿಸಿದ್ದು? ನೆನಪನ್ನು ನಂಬದ ನಾನು ಇಲ್ಲಿ ನೆನಪನ್ನೇ ನಂಬುತ್ತೇನೆ. ದಿನಚರಿ ಬರೆದವಳಿಗೆ ತಾನೇ ತಿಳಿದವಳಾಗಿರಬೇಕು ಎಂಬ ಆಸೆ ಇತ್ತು.

ಆಮೇಲಿನ ಎರಡೂವರೆ ವರ್ಷ ನಾನು ವಾರಕ್ಕೆ ಮೂರು ನಾಲ್ಕು ದಿನ ಆ ಗೋಡೆಯ ಮುಂದೆ ಕೂತೆ. ಅತಿಥಿ ಉಪನ್ಯಾಸಕಿಯ ಕೆಲಸ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತಿತ್ತು. ಒಂದರಿಂದ ಎರಡರವರೆಗೆ ಯೂನಿಟ್ಟಿನಲ್ಲಿ ಊಟದ ಹೊತ್ತು, ಮಷೀನು ನಿಂತಿರುತ್ತಿದ್ದವು. ಮಾಸ್ಟರು ಬುತ್ತಿಯ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಭೂತಗನ್ನಡಿ ಹಿಡಿದು ನನಗಿಂತ ಹೆಚ್ಚು ನೋಡುತ್ತಿದ್ದರು. ಅವರ ಉಗುರಿನ ಅಂಚು ಯಾವಾಗಲೂ ನೀಲಿ. ಹೆಗಲ ಮೇಲೆ ಟೇಪು, ಕಿವಿಯ ಹಿಂದೆ ಸೀಮೆಸುಣ್ಣದ ಚೂರು.

“ಮಾಸ್ಟರ್, ಹುಳದ ಸೊಂಟ ಎಷ್ಟು? ಮೂವತ್ತೆರಡೇನು?” ಎಂದು ಚಾಚಾ ಕೂತಲ್ಲಿಂದ ಕೂಗುತ್ತಿದ್ದರು.

“ಸೊಂಟ ಇಲ್ಲ ಚಾಚಾ. ಎರಡೂ ಕಡಿ ಕಾಲಿನ ತೂತ ಐತಿ.”

ಅದು ನಿಜ. ಆ ಗೂಡಿಗೆ ಎರಡು ತುದಿಯಲ್ಲೂ ಬಾಯಿ. ಒಳಗೇ ತಿರುಗಿ ಹುಳ ಯಾವ ಕಡೆಯಿಂದಲಾದರೂ ತಲೆ ಹಾಕುತ್ತದೆ. ಮಾಸ್ಟರಿಗೆ ಇದು ಬಹಳ ಹಿಡಿಸಿತ್ತು. “ಸಾಲ ಕೇಳೋನು ಮುಂದಿನ ಬಾಗ್ಲಾಗ ಬಂದ್ರ ಹಿತ್ತಲ ಬಾಗ್ಲಾಗ ಹೋಗೋದು. ಯಾರು ಹೇಳಿಕೊಟ್ರೋ ಇದಕ್ಕ!” ಎನ್ನುತ್ತಿದ್ದರು.

ಬಣ್ಣದ ಪ್ರಯೋಗ ಅವರದೇ. ಹುಳ ದೊಡ್ಡದಾದಂತೆ ಗೂಡಿನ ಎರಡೂ ತುದಿಗೆ ಹೊಸದನ್ನು ಸೇರಿಸುತ್ತದೆ ಎಂದು ನಾನು ಓದಿ ಹೇಳಿದ್ದೆ. ಮರುವಾರ ಅವರು ಒಂದು ಡಬ್ಬಿ ತೋರಿಸಿದರು. ಮೊದಲ ವಾರ ನೀಲಿ ಧೂಳು, ಎರಡನೆಯ ವಾರ ಕರಿ ಬಟ್ಟೆಯದು, ಆಮೇಲೆ ಜೀನ್ಸಿನ ಹೊಲಿಗೆ ಕಾಣಲೆಂದೇ ಹಾಕುವ ಕಿತ್ತಳೆ ದಾರವನ್ನು ಕತ್ತರಿಯಿಂದ ಪುಡಿ ಮಾಡಿ ಹಾಕುತ್ತಾ ಹೋದರು. ಒಂದೂವರೆ ತಿಂಗಳಿಗೆ ಗೂಡು ಪಟ್ಟೆಪಟ್ಟೆಯಾಗಿತ್ತು. ನಡುವೆ ನೀಲಿ, ಅದರ ಆಚೀಚೆ ಕಪ್ಪು, ಎರಡೂ ತುದಿಗೆ ಕಿತ್ತಳೆ. “ನಟ್ಟನಡುಕಿಂದು ಸಣ್ಣಾವ ಇದ್ದಾಗಿಂದು,” ಎಂದು ಬೆರಳಿಟ್ಟು ತೋರಿಸಿದರು. “ನಾವು ಬಟ್ಟಿ ಬಿಗಿ ಆದ್ರ ಹೊಲಿಗಿ ಬಿಚ್ತೀವಿ. ಇದು ಏನೂ ಬಿಚ್ಚಂಗಿಲ್ಲ, ಏನೂ ಒಗ್ಯಂಗಿಲ್ಲ ನೋಡ್ರಿ.”

ಹುಳ ಕೊನೆಗೆ ಗೂಡನ್ನು ಗೋಡೆಗೆ ಕಟ್ಟಿಕೊಂಡು ಒಳಗೆ ಕೋಶವಾಗುತ್ತದೆ. ಎರಡು ವಾರ ದಾಟಿದ ಮೇಲೆ ಪತಂಗ ಹೊರಬರುವುದು ಹೆಚ್ಚಾಗಿ ನಡುಮಧ್ಯಾಹ್ನ. ಆ ಪಟ್ಟೆಗೂಡಿನ ಪತಂಗ ಹೊರಬಂದ ದಿನ ನಾವಿಬ್ಬರೂ ಇದ್ದೆವು. ಮೊದಲು ಗೂಡಿನ ತುದಿಯಿಂದ ಕೋಶ ಅರ್ಧ ಹೊರಗೆ ಚಾಚಿತು. ಅದರ ಬೆನ್ನು ಸೀಳಿತು. ಒದ್ದೆ ಕಾಗದದ ಚೂರಿನಂಥದ್ದೊಂದು ಹೊರಬಂದು, ಗೋಡೆಯ ಮೇಲೆ ನಿಂತು, ನಿಧಾನ ರೆಕ್ಕೆಯಾಯಿತು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಬೂದು ಬಣ್ಣ, ರೆಕ್ಕೆಯ ಮೇಲೆ ಒಂದೆರಡು ಮಸುಕು ಚುಕ್ಕೆ, ಅಂಚಿಗೆ ನವಿರಾದ ಕುಚ್ಚು.

ಮಾಸ್ಟರ ಮುಖ ಇಳಿಯಿತು. “ಇಷ್ಟ ಏನ್ರಿ? ನಾ ಕಿತ್ತಳಿ ಬರತತಿ ಅನ್ಕೊಂಡಿದ್ನಲ್ಲ.”

ಉಟ್ಟದ್ದು ಮೈಗೆ ಹತ್ತುವುದಿಲ್ಲ ಮಾಸ್ಟರ್ ಎಂದು ನಾನು ನಕ್ಕೆ. ಹೊರಗಿನ ಬಣ್ಣ ಒಳಗೆ ಇಳಿಯುವುದಿಲ್ಲ, ಅದು ಬೇರೆ ಇದು ಬೇರೆ ಎಂದು ಪಾಠವನ್ನೇ ಮಾಡಿದೆ. ಅವರು ಕೇಳಿಸಿಕೊಂಡು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಮುಖವನ್ನು ಗೋಡೆಯಿಂದ ಆಚೆ ತಿರುಗಿಸಿ ಕೆಮ್ಮಿದರು. ಪತಂಗ ಹೆದರಬಾರದೆಂದು.

ಕೆಮ್ಮು ಬಂದೇ ಬಂತು ಈ ಬರಹದೊಳಗೆ. ನಾನು ಮುಂದೂಡುತ್ತಲೇ ಇದ್ದೆ.

ಯೂನಿಟ್ಟಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಮಷೀನು ನಿಂತ ಮೇಲೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ. ಬೆಲ್ಲ ತಿಂದರೆ ಧೂಳು ಗಂಟಲಿನಿಂದ ಇಳಿದು ಹೊಟ್ಟೆಗೆ ಹೋಗಿ ಹೊರಟುಹೋಗುತ್ತದೆ ಎನ್ನುವ ನಂಬಿಕೆ. ಮಾಸ್ಟರು ಕಟಿಂಗಿನವರು, ಧೂಳು ಹೆಚ್ಚು, ಅವರಿಗೆ ಎರಡು ಚೂರು. ನಾನು ಭಾನುವಾರ ಕುರುಗೋಡಿಗೆ ಹೋಗಿ ಬರುವಾಗ ಅವರಿಗೆಂದು ಒಳ್ಳೆಯ ಬೆಲ್ಲ ತರಲು ಶುರುಮಾಡಿದೆ. ಒಂದು ದಿನ ಅವರು ಜಾಸ್ತಿ ಕೆಮ್ಮಿದಾಗ, “ಎರಡು ಸಾಲಂಗಿಲ್ಲ, ಮೂರು ತಿನ್ರಿ,” ಎಂದೆ. ಅವರು ತಿಂದರು. ಮೇಡಂ ಹೇಳಿದ್ದಾರೆಂದು ಅಂದಿನಿಂದ ಮೂರೇ ತಿಂದರು.

ಅದೇ ವರ್ಷ ನಾನು ಮೊದಲ ಬಿ.ಎಸ್ಸಿ. ತರಗತಿಗೆ ಅನ್ನನಾಳ, ಶ್ವಾಸನಾಳದ ಚಿತ್ರ ಬರೆಯುತ್ತಿದ್ದೆ. ಎರಡು ಕೊಳವೆ, ಎರಡು ಬಣ್ಣದ ಸೀಮೆಸುಣ್ಣ. ಇಲ್ಲಿ ಹೋದದ್ದು ಅಲ್ಲಿಗೆ ಹೋಗುವುದಿಲ್ಲ, ನಡುವೆ ಮುಚ್ಚಳವಿದೆ ಎಂದು ಹೇಳಿ, ಮಕ್ಕಳಿಂದ ಎರಡೆರಡು ಸಲ ಹೇಳಿಸುತ್ತಿದ್ದೆ. ಕೆಳಗೆ ಬಂದು ಮಾಸ್ಟರಿಗೆ ಬೆಲ್ಲ ಕೊಡುತ್ತಿದ್ದೆ. ಓದದವರು ಬೆಲ್ಲವನ್ನು ನಂಬಿದರು, ಅದು ಅವರ ತಪ್ಪಲ್ಲ. ನಾನು ನಂಬಿದೆನೇ? ಇಲ್ಲ. ನಂಬಲಿಲ್ಲ, ಯೋಚಿಸಲೂ ಇಲ್ಲ. ಕೊಟ್ಟರೆ ಅವರ ಮುಖ ಅರಳುತ್ತಿತ್ತು, ನನಗೆ ಅಷ್ಟು ಸಾಕಿತ್ತು.

ಇನ್ನೊಂದು ದಿನ ಅವರು ಕೇಳಿದರು: “ಮೇಡಂ, ಇಷ್ಟು ಧೂಳಾಗ ಇರತತಿ, ಈ ಹುಳಕ್ಕ ಏನೂ ಆಗಂಗಿಲ್ಲೇನ್ರಿ?”

ಒಳ್ಳೆಯ ಪ್ರಶ್ನೆ ಎಂದು ಖುಷಿಯಾಯಿತು. ಗೂಡಿನ ಹೊರಮೈ ಮಾತ್ರ ಧೂಳಿನದು, ಒಳಗೆಲ್ಲ ರೇಷ್ಮೆಯ ಅಸ್ತರು ಇದೆ, ಧೂಳು ಅದನ್ನು ದಾಟಿ ಮೈಗೆ ಮುಟ್ಟುವುದಿಲ್ಲ ಎಂದು ವಿವರಿಸಿದೆ. ಒಂದು ಖಾಲಿ ಗೂಡನ್ನು ಬ್ಲೇಡಿನಿಂದ ಸೀಳಿ ತೋರಿಸಿದೆ. ಒಳಗೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಅವರು ಬಹಳ ಹೊತ್ತು ನೋಡಿದರು.

“ಅಸ್ತರ ಹಾಕ್ಕೊಂಡೈತಿ,” ಎಂದರು. “ಶಾಣ್ಯಾ ಐತ್ರಿ.”

ಅವರು ಹುಳದ ಬಗ್ಗೆಯೇ ಕೇಳಿದ್ದರೇ? ಆಗ ನನಗೆ ಅನುಮಾನ ಬರಲಿಲ್ಲ. ಈಗ ಬರುವ ಅನುಮಾನವನ್ನೂ ನಾನು ಪೂರ್ತಿ ನಂಬಲಾರೆ. ಸತ್ತವರ ಮಾತಿನಲ್ಲಿ ಇಲ್ಲದ ಅರ್ಥ ಹುಡುಕುವುದು ಸುಲಭ. ಅವರು ಕುತೂಹಲದ ಮನುಷ್ಯ, ಹುಳದ ಬಗ್ಗೆಯೇ ಕೇಳಿರಬಹುದು.

ಒಂದು ದೃಶ್ಯ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಯೂನಿಟ್ಟಿನ ಬಾಗಿಲಲ್ಲಿ ನಿಂತು ನಾನು ಅವರಿಗೆ ಹೇಳುತ್ತಿದ್ದೇನೆ: “ಮಾಸ್ಟರ್, ಒಮ್ಮೆ ಎದಿ ತೋರಿಸ್ಕೊಂಡ್ ಬರ್ರಿ. ನಾನೂ ಬರ್ತೀನಿ ಜೋಡಿ.” ಅವರು ಹಸಿರು ಅಂಗಿ ಹಾಕಿದ್ದಾರೆ, ತಲೆ ಆಡಿಸುತ್ತಿದ್ದಾರೆ. ಬಣ್ಣ ಸಮೇತ ನೆನಪಿದೆ. ಮೂರು ವರ್ಷದ ದಿನಚರಿಯನ್ನು ಎರಡು ಸಲ ಹುಡುಕಿದೆ. ಚಪ್ಪಲಿಯ ಉಂಗುಟ ಕಿತ್ತದ್ದು ಬರೆದಿದ್ದೇನೆ. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದು ಬರೆದಿದ್ದೇನೆ. ಈ ಮಾತು ಎಲ್ಲೂ ಇಲ್ಲ. ಹೇಳಿದ್ದರೆ ಬರೆಯದೇ ಇರುತ್ತಿದ್ದೆನೇ? ಅವರು ಸತ್ತ ಮೇಲೆ ಮನಸ್ಸು ಹೊಲಿದುಕೊಂಡ ದೃಶ್ಯವೇ ಇದು? ಗೊತ್ತಿಲ್ಲ. ಇದನ್ನು ಅವರ ಹೆಂಡತಿಗೆ ಹೇಳಬಾರದೆಂದು ಮಾತ್ರ ತೀರ್ಮಾನಿಸಿದೆ.

ಪಿಎಚ್‌.ಡಿ. ಮುಗಿದ ಮೇಲೆ ನಾನು ಕಾಲೇಜಿನ ಹತ್ತಿರ ಮನೆ ಬದಲಿಸಿದೆ. ತಿಂಗಳಿಗೊಮ್ಮೆ ಹೋಗುತ್ತಿದ್ದವಳು ಮೂರು ತಿಂಗಳಿಗೊಮ್ಮೆ ಹೋಗತೊಡಗಿದೆ. ಸುಗ್ಗಿ ಮುಗಿಸಿ ಊರಿಂದ ಬಂದ ಮಾಸ್ಟರು ನಾಲ್ಕು ಮೆಟ್ಟಿಲು ಹತ್ತಲಾರದಷ್ಟು ಸೋತಿದ್ದಾರೆಂದು ಚಾಚಾ ಫೋನಿನಲ್ಲಿ ಹೇಳಿದರು. ನಾನು ನೋಡಲು ಹೋದದ್ದು ಆಸ್ಪತ್ರೆಗೆ ಸೇರಿಸಿದ ಮೇಲೆಯೇ. ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ನನ್ನನ್ನು ನೋಡಿ ಕೈ ಎತ್ತಿ, ಒಂದೊಂದೇ ಮಾತಿನ ನಡುವೆ ಉಸಿರು ತುಂಬಿಕೊಳ್ಳುತ್ತಾ, “ಹುಳ... ಹ್ಯಾಂಗದಾವ್ರಿ?” ಎಂದರು. ಆರಾಮ ಅದಾವ್ರಿ ಎಂದೆ. ನಾನು ಹುಳ ನೋಡಿ ಐದು ತಿಂಗಳಾಗಿತ್ತು.

ವರಾಂಡದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಅವರ ಹೆಂಡತಿಯನ್ನು ಕೇಳುತ್ತಿದ್ದರು: ಕೆಮ್ಮು ಎಷ್ಟು ದಿನದಿಂದ? ಆಕೆ ಸುಗ್ಗಿಯಿಂದ ಎಂದರು. ಇದು ವರ್ಷಗಟ್ಟಲೆಯ ಧೂಳಿನ ಎದೆ ಎಂದು ಡಾಕ್ಟರು ತಲೆ ಆಡಿಸಿದರು. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಜಾಸ್ತಿಯಾಗುತ್ತಿತ್ತೇ, ಸೋಮವಾರ? ಆಕೆಗೆ ಗೊತ್ತಿರಲಿಲ್ಲ. ಗಂಡ ಶನಿವಾರ ಸಂಜೆ ಊರಿಗೆ ಬರುತ್ತಿದ್ದರು, ಭಾನುವಾರ ಸಂಜೆ ಹೋಗುತ್ತಿದ್ದರು. ಊರಿನಲ್ಲಿ ಚೆನ್ನಾಗಿಯೇ ಇರುತ್ತಿದ್ದರು.

ಸೋಮವಾರ ಎಂಬ ಮಾತು ಕೇಳಿ ನಾನು ಅಲ್ಲಿ ನಿಲ್ಲಲಾರದೆ ಹೋದೆ. ಫೋನು ಬಂದ ಹತ್ತನೆಯ ದಿನ ನೋಟುಬುಕ್ಕು ತೆಗೆದಾಗ ನಾನು ಹುಡುಕಿದ್ದೂ ಅದನ್ನೇ.

ವಿಷಯ ಹೀಗಿದೆ. ಹುಳ ಹೆದರಿದರೆ ತಲೆಯನ್ನು ಗೂಡಿನೊಳಗೆ ಎಳೆದುಕೊಳ್ಳುತ್ತದೆ. ಎಷ್ಟು ಹೊತ್ತಿಗೆ ಮತ್ತೆ ಹೊರಗೆ ಬರುತ್ತದೆ ಎನ್ನುವುದನ್ನು ಅಳೆಯುವುದು ನನ್ನ ಸಂಶೋಧನೆಯ ಒಂದು ಅಧ್ಯಾಯ. ಹೆದರಿಸಲು ನಾನು ಮೊದಲು ಪೆನ್ಸಿಲಿನಿಂದ ಗೋಡೆ ಕುಟ್ಟುತ್ತಿದ್ದೆ. ಆಮೇಲೆ ಬೇಕಾಗಲಿಲ್ಲ. ಪಕ್ಕದಲ್ಲೇ ಮಾಸ್ಟರು ಕೆಮ್ಮುತ್ತಿದ್ದರು, ಹುಳ ಒಳಗೆ ಹೋಗುತ್ತಿತ್ತು, ನಾನು ಫೋನಿನ ಗಡಿಯಾರ ಒತ್ತುತ್ತಿದ್ದೆ. ಅವರಿಗೂ ಗೊತ್ತಿತ್ತು. “ಇವತ್ತು ಕೆಮ್ಮ ಬಂದಿಲ್ಲಲ್ರಿ ಮೇಡಂ, ನಿಮ್ದು ಲುಕ್ಸಾನ ಆತು,” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಸೋಮವಾರಗಳಂದು ಹುಳಗಳು ಹೆಚ್ಚು ಸಲ ಒಳಗೆ ಹೋಗುತ್ತಿದ್ದವು. ಭಾನುವಾರ ಮಷೀನಿನ ಸದ್ದಿಲ್ಲದೆ ಇದ್ದು ಅವು ಮತ್ತೆ ಅಂಜುಬುರುಕವಾಗುತ್ತವೆ ಎಂದು ನಾನು ತರ್ಕಿಸಿದ್ದೆ. ಆ ಪುಟವನ್ನು ಪರೀಕ್ಷಕರು ಮೆಚ್ಚಿಕೊಂಡಿದ್ದರು. ಸೋಮವಾರ ಮಾಸ್ಟರು ಹೆಚ್ಚು ಕೆಮ್ಮುತ್ತಿದ್ದರು ಎನ್ನುವುದು ಅದೇ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ ಇದೆ.

ಭಾನುವಾರ ರಾರಾವಿಗೆ ಹೋದೆ. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿದೆ. ದಾರಿಯ ಎರಡೂ ಬದಿ ನಾಟಿ ಮಾಡಿದ ಗದ್ದೆ. ನೋಟುಬುಕ್ಕುಗಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬರೀ ಒಂದು ತಿಂಗಳ ಹೆಸರು ಹೇಳಿ ವಾಪಸು ಬರಬಹುದು ಎಂದುಕೊಳ್ಳುತ್ತಿದ್ದೆ. ಆಕೆ ಕೇಳಿದ್ದು ಅಷ್ಟೇ ತಾನೇ.

ಮನೆಯ ಪಡಸಾಲೆಯಲ್ಲಿ ಮಾಸ್ಟರ ತಾಯಿ ಕಂಬಕ್ಕೆ ಒರಗಿ ಕೂತಿದ್ದರು. ಹೆಂಡತಿ ನೀರು ತಂದುಕೊಟ್ಟು ನಿಂತೇ ಇದ್ದರು. ನಾನು ಹೇಳಿದೆ: “ಸುಗ್ಗಿಗಿಂತ ಮೊದ್ಲ ಇತ್ರಿ. ಎರಡು ವರ್ಷ ಮೊದ್ಲ, ಶ್ರಾವಣದಾಗ ಬರದೀನಿ ನಾನು.”

ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅಳು ಬರುವ ಮುಂಚೆ ಅತ್ತೆಯ ಕಡೆ ತಿರುಗಿದರು. “ಅತ್ತಿ, ಕೇಳಿದ್ರೇನು? ಎರಡು ವರ್ಷ.”

“ಯಾರು ಬೇಕಾದ್ರೂ ಹೇಳ್ತಾರ,” ಎಂದರು ಮುದುಕಿ, ನನ್ನನ್ನು ನೋಡದೆ. “ಬಾಯಿ ಮಾತಿಗೇನು.”

“ಬಾಯಿ ಮಾತಲ್ಲತ್ತಿ, ಬರದಾರ. ಮೇಡಂ, ಓದ್ರಿ. ಜೋರಾಗಿ ಓದ್ರಿ.”

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಓದಿದೆ. “ಸೋಮವಾರ. ಮಧ್ಯಾಹ್ನ ಒಂದೂ ಹತ್ತು. ನಾಲ್ಕನೇ ಹುಳ, ಎಡಗೋಡೆ. ತಲೆ ಹೊರಗೆ. ಮಾಸ್ಟರ್ ಕೆಮ್ಮು. ಒಳಗೆ. ನಲವತ್ತು ಸೆಕೆಂಡಿಗೆ ಹೊರಗೆ. ಮತ್ತೆ ಕೆಮ್ಮು. ಒಳಗೆ. ಐವತ್ತೈದು ಸೆಕೆಂಡು.” ಪುಟ ತಿರುವಿದೆ. “ಬುಧವಾರ. ಕೆಮ್ಮು ಮೂರು ಸಲ. ಹುಳ ಕೆಮ್ಮಿಗೆ ಒಗ್ಗಿಕೊಂಡಂತಿದೆ.” ಆ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ, ಹೊಸ ಸಂಗತಿ ಕಂಡ ಸಂತೋಷಕ್ಕೆ. “ಸೋಮವಾರ. ಕೆಮ್ಮು ನಿಲ್ಲಲಿಲ್ಲ. ಹುಳ ಹೊರಬರಲಿಲ್ಲ. ಇಂದಿನ ವೀಕ್ಷಣೆ ಬಿಟ್ಟೆ.”

ಹೆಂಡತಿ ಅಳು ನಿಲ್ಲಿಸಿದ್ದರು. ನನ್ನನ್ನು ಬೇರೆ ಯಾರನ್ನೋ ನೋಡುವಂತೆ ನೋಡುತ್ತಿದ್ದರು.

ಮುದುಕಿ ಕಂಬದಿಂದ ಮುಂದಕ್ಕೆ ಬಾಗಿದರು. “ಅವ ಕೆಮ್ಮಾಗ ನೀ ಅಲ್ಲೇ ಇದ್ದೇನವ್ವಾ?”

“ಇದ್ದೆ.”

“ಏನು ಮಾಡ್ತಿದ್ದಿ?”

“ಹುಳ ಹೊರಗ ಬರೋದು ಕಾಯ್ತಿದ್ದೆ.”

ಬೈಗುಳಕ್ಕೆ ನಾನು ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಕೈ ಚಾಚಿ ಸೊಸೆಯ ಕಾಲಿನ ಬೆರಳನ್ನು ಮುಟ್ಟಿ, “ಕುಂದ್ರು, ನಿಂತು ನಿಂತು ಸಾಕಾಗೇತಿ ನಿನಗ,” ಎಂದರು. ಆಕೆ ಅತ್ತೆಯ ಪಕ್ಕದಲ್ಲಿ ಕೂತರು. ಆಮೇಲೆ ಮುದುಕಿ ನನ್ನ ಚೀಲದ ಕಡೆ ನೋಡಿದರು.

“ಇನ್ನೂ ಐತೇನು, ಬರದಿದ್ದು?”

“ಐತಿ. ನಾಲ್ಕು ಪುಸ್ತಕ.”

“ಓದು. ಅವ ಅಲ್ಲಿ ಕೆಮ್ಮಿದ್ದು ನಾ ಕೇಳಿಲ್ಲ. ಎಲ್ಲಾ ಓದು, ಒಂದೂ ಬಿಡಬ್ಯಾಡ.”

ನಾನು ಓದಿದೆ. ಎರಡನೆಯ ಪುಸ್ತಕ ಮುಗಿಯುವ ಹೊತ್ತಿಗೆ ಸಿರುಗುಪ್ಪದ ಕೊನೆಯ ಬಸ್ಸು ಹೋಗಿತ್ತು.